ಜೊಳ್ಳನ್ನು ತೂರುವ ಗಣಿತ

ಕಣದಲ್ಲಿ ನಿಂತು ರಾಶಿಯನ್ನು ತೂರುವ ರೈತನಿಗೆ ಗಾಳಿಯ ಹದ ಚೆನ್ನಾಗಿ ತಿಳಿದಿರುತ್ತದೆ. ಗಾಳಿ ಮಂದವಾದರೆ ಜೊಳ್ಳು ಕಾಳಿನೊಡನೆಯೇ ಉಳಿಯುತ್ತದೆ; ಬಿರುಸಾದರೆ ಗಟ್ಟಿಕಾಳೂ ಜೊಳ್ಳಿನೊಡನೆ ಹಾರಿಹೋಗುತ್ತದೆ. ಈ ಎರಡು ನಷ್ಟಗಳ ನಡುವಣ ಹದವನ್ನು ಕಂಡುಕೊಳ್ಳುವುದೇ ತೂರುವವನ ಜಾಣ್ಮೆ. ಅಂತರ್ಜಾಲದ ಮೂಲಕ ನಮ್ಮನ್ನು ಮುತ್ತುವ ಬೇಡದ ಸಂದೇಶಗಳನ್ನು ಬೇರ್ಪಡಿಸಲು ಹೊರಟ ವಿಜ್ಞಾನಿಗಳೂ ಇದೇ ಸಮಸ್ಯೆಯನ್ನು ಎದುರಿಸಬೇಕಾಯಿತು.

ಇಂತಹ ಸಂದೇಶಗಳಿಗೆ ‘ಸ್ಪ್ಯಾಮ್’ ಎಂಬ ಹೆಸರು ರೂಢಿಯಲ್ಲಿದೆ. 1937ರಿಂದ ಅಮೆರಿಕದಲ್ಲಿ ಮಾರಾಟವಾಗುತ್ತಿರುವ ಡಬ್ಬಿಮಾಂಸವೊಂದರ ಹೆಸರಿದು. 1970ರಲ್ಲಿ ಬ್ರಿಟಿಷ್ ದೂರದರ್ಶನದ ಹಾಸ್ಯಪ್ರಹಸನವೊಂದರಲ್ಲಿ ಉಪಾಹಾರಗೃಹದ ಗಿರಾಕಿಗಳು ಈ ಪದವನ್ನೇ ಮತ್ತೆ ಮತ್ತೆ ಹಾಡಿ, ಉಳಿದವರ ಮಾತು ಯಾರಿಗೂ ಕೇಳದಂತೆ ಮಾಡುತ್ತಾರೆ. ಉಪಯುಕ್ತವಾದ ಮಾತನ್ನು ಗದ್ದಲದಲ್ಲಿ ಮುಳುಗಿಸುವ ಪತ್ರಗಳಿಗೆ ಆ ಹೆಸರು ಅಂಟಿಕೊಂಡಿತು. ಅಂತಹ ಪತ್ರಗಳಲ್ಲಿ ಮೊದಲನೆಯದೆಂದು ಹೇಳಲಾಗುವುದು 1978ರ ಮೇ ತಿಂಗಳಿನದು. ಅಮೆರಿಕದ ಗಣಕಯಂತ್ರ ಸಂಸ್ಥೆಯೊಂದು ತನ್ನ ಹೊಸ ಯಂತ್ರಗಳ ಪ್ರಚಾರಕ್ಕಾಗಿ, ಆಗಿನ ಅರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಜನರಿಗೆ ಅದನ್ನು ಕಳುಹಿಸಿತ್ತು.

ಈ ಪಿಡುಗು ಬೆಳೆದುದೇಕೆ? ಅಂಚೆಯಲ್ಲಿ ಸಾವಿರ ಕಾಗದ ಹಾಕಬೇಕಾದರೆ ಸಾವಿರ ಚೀಟಿಗಳ ಬೆಲೆ ತೆರಬೇಕು. ಅಂತರ್ಜಾಲದಲ್ಲಿ ಹಾಗಲ್ಲ, ಒಂದು ಸಂದೇಶವನ್ನು ಕಳುಹಿಸಿದ ಯಂತ್ರವು ಬಹುಮಟ್ಟಿಗೆ ಅದೇ ಖರ್ಚಿನಲ್ಲಿ ಲಕ್ಷ ಸಂದೇಶಗಳನ್ನೂ ಕಳುಹಿಸಬಲ್ಲುದು. ಲಕ್ಷದಲ್ಲಿ ಒಬ್ಬಿಬ್ಬರು ಮರುಳಾದರೂ ಕಳುಹಿಸಿದವನಿಗೆ ಲಾಭವೇ. ಓದಿ ಅಳಿಸುವ ಶ್ರಮವೆಲ್ಲ ಪಡೆದವರ ಪಾಲಿಗೆ ಉಳಿಯುತ್ತದೆ.

ಬಾಗಿಲಲ್ಲೇ ಯಂತ್ರವನ್ನು ತಡೆಯುವುದು ಒಂದು ಉಪಾಯ. 1997ರಲ್ಲಿ ಆಲ್ಟಾವಿಸ್ಟಾ ಎಂಬ ಶೋಧಕ ಸಂಸ್ಥೆಯು ಡೊಂಕುಡೊಂಕಾದ ಅಕ್ಷರಗಳ ಚಿತ್ರವನ್ನು ತೋರಿಸಿ, ಅದನ್ನು ಓದಿ ಬರೆದವರಿಗೆ ಮಾತ್ರ ಪ್ರವೇಶ ನೀಡುವ ಏರ್ಪಾಟನ್ನು ಮಾಡಿತು. ಮನುಷ್ಯನ ಕಣ್ಣಿಗೆ ಸುಲಭವಾದ ಈ ಕೆಲಸ ಅಂದಿನ ಯಂತ್ರಗಳಿಗೆ ಕಷ್ಟವಾಗಿದ್ದಿತು. ಮುಂದೆ ‘ಕ್ಯಾಪ್ಚಾ’ ಎಂದು ಹೆಸರಾದ ಇಂತಹ ಪರೀಕ್ಷೆಗಳಲ್ಲಿ ಒಂದು ಕೊರತೆಯುಂಟು. ಕಣ್ಣು ಕಾಣದವರು ಚಿತ್ರದ ಮುಂದೆ ನಿಸ್ಸಹಾಯಕರಾಗುತ್ತಾರೆ. ಯಂತ್ರಗಳಾದರೋ ಕಲಿಯುತ್ತಲೇ ಹೋದವು. 2014ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು, ತಮ್ಮ ಯಂತ್ರವು ಅತ್ಯಂತ ಕಠಿಣವಾದ ಡೊಂಕಕ್ಷರಗಳನ್ನೂ ಶೇಕಡಾ 99.8ರಷ್ಟು ನಿಖರವಾಗಿ ಓದಬಲ್ಲುದೆಂದು ಪ್ರಕಟಿಸಿದರು. ಕಳ್ಳನಿಗೆ ತೆರೆದು ಮನೆಯವನಿಗೆ ಮುಚ್ಚುವ ಬಾಗಿಲಿನಿಂದ ಪ್ರಯೋಜನವೇನು?

ಎರಡನೆಯ ಉಪಾಯವು ಬಂದವರನ್ನು ಪ್ರಶ್ನಿಸದೆ, ಬಂದ ಪತ್ರವನ್ನೇ ತೂಗಿ ನೋಡುತ್ತದೆ. ಇದರ ಮೂಲ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿದೆ. ಥಾಮಸ್ ಬೇಯ್ಸ್ ಎಂಬ ಪಾದ್ರಿಯು ಸಂಭವನೀಯತೆಯನ್ನು ಕುರಿತು ಬರೆದಿಟ್ಟ ಪ್ರಬಂಧವು, ಅವನು ತೀರಿಕೊಂಡ ಎರಡು ವರ್ಷಗಳ ಮೇಲೆ, 1763ರಲ್ಲಿ ಬೆಳಕು ಕಂಡಿತು. ಹೊಸ ಸಾಕ್ಷ್ಯ ದೊರೆತಾಗ ನಮ್ಮ ಹಳೆಯ ಅಂದಾಜನ್ನು ಎಷ್ಟರಮಟ್ಟಿಗೆ ತಿದ್ದಿಕೊಳ್ಳಬೇಕೆಂಬುದೇ ಅದರ ಸಾರ. 1998ರಲ್ಲಿ ಅಮೆರಿಕದ ಕೆಲವು ವಿಜ್ಞಾನಿಗಳು ಈ ಸೂತ್ರವನ್ನು ಕಸದ ಪತ್ರಗಳಿಗೆ ಅನ್ವಯಿಸಿದರು. 2002ರಲ್ಲಿ ಪಾಲ್ ಗ್ರಹಾಂ ಬರೆದ ಲೇಖನದಿಂದ ಅದು ಜನಪ್ರಿಯವಾಯಿತು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಇಲ್ಲಿಯ ಸಂಖ್ಯೆಗಳು ಕೇವಲ ಉದಾಹರಣೆಗಾಗಿ ಕಲ್ಪಿಸಿಕೊಂಡವು. ಹಿಂದೆ ಬಂದ 1000 ಪತ್ರಗಳನ್ನು ಮನುಷ್ಯರೇ ಓದಿ ವಿಂಗಡಿಸಿದಾಗ 600 ಕಸವೆಂದೂ 400 ಯೋಗ್ಯವೆಂದೂ ತಿಳಿದುಬಂದಿತೆನ್ನಿ. ‘ಸಾಲ’ ಎಂಬ ಪದ ಕಸದ ಪತ್ರಗಳಲ್ಲಿ 300ರಲ್ಲಿಯೂ ಯೋಗ್ಯ ಪತ್ರಗಳಲ್ಲಿ 20ರಲ್ಲಿಯೂ ಇದೆ. ಹಾಗಾದರೆ ಆ ಪದವಿರುವ 320 ಪತ್ರಗಳಲ್ಲಿ 300 ಕಸ. ಈಗ ಬಂದ ಹೊಸ ಪತ್ರದಲ್ಲಿ ‘ಸಾಲ’ ಎಂದಿದ್ದರೆ ಅದು ಕಸವಾಗಿರುವ ಸಂಭವ ಸುಮಾರು ಶೇಕಡಾ 94.

ಆದರೆ ಈ ಹೊಸ ಪತ್ರವನ್ನು ಬರೆದವನು ಒಬ್ಬ ವಿದ್ಯಾರ್ಥಿ. “ಪರೀಕ್ಷೆ ಮುಗಿದ ಮೇಲೆ ಮುಂದಿನ ಓದಿಗೆ ಸಾಲ ದೊರೆಯುವುದೇ?” ಎಂದು ಕೇಳಿದ್ದಾನೆ. ‘ಪರೀಕ್ಷೆ’ ಎಂಬ ಪದ 600 ಕಸದ ಪತ್ರಗಳಲ್ಲಿ 30ರಲ್ಲಿ, ಎಂದರೆ ಇಪ್ಪತ್ತರಲ್ಲೊಂದು ಪಾಲಿನಲ್ಲಿಯೂ, 400 ಯೋಗ್ಯ ಪತ್ರಗಳಲ್ಲಿ 200ರಲ್ಲಿ, ಎಂದರೆ ಅರ್ಧದಲ್ಲಿಯೂ ಇದೆಯೆಂದುಕೊಳ್ಳೋಣ. ಈ ಎರಡು ಪದಗಳು ಒಂದನ್ನೊಂದು ಅವಲಂಬಿಸದೆ ಬರುತ್ತವೆಂದು ಭಾವಿಸಿದರೆ, ಎರಡೂ ಇರುವ ಕಸದ ಪತ್ರಗಳು ‘ಸಾಲ’ವಿರುವ 300ರ ಇಪ್ಪತ್ತನೆಯ ಒಂದು ಪಾಲು, ಅಂದರೆ 15. ಎರಡೂ ಇರುವ ಯೋಗ್ಯ ಪತ್ರಗಳು 20ರ ಅರ್ಧ, ಅಂದರೆ 10. ಒಟ್ಟು 25ರಲ್ಲಿ 15 ಎಂದರೆ ಶೇಕಡಾ 60. ಒಂದೇ ಒಂದು ಪದದ ಸಾಕ್ಷ್ಯದಿಂದ ಸಂಶಯವು 94ರಿಂದ 60ಕ್ಕೆ ಇಳಿಯಿತು! ನಿಜವಾದ ಶೋಧಕವು ಹೀಗೆಯೇ ಪತ್ರದ ಹಲವಾರು ಪದಗಳನ್ನು ಸಾಕ್ಷಿಗೆ ಕರೆಯುತ್ತದೆ.

ಇನ್ನು ಮೇರೆಯನ್ನು ಎಲ್ಲಿ ಹಾಕಬೇಕು? ಶೇಕಡಾ 50ನ್ನು ಮೀರಿದುದೆಲ್ಲ ಕಸವೆಂದರೆ ನಮ್ಮ ವಿದ್ಯಾರ್ಥಿಯ ಪತ್ರ ಬುಟ್ಟಿಗೆ ಬೀಳುತ್ತದೆ. 90ನ್ನು ಮೀರಿದುದು ಮಾತ್ರ ಕಸವೆಂದರೆ ಉಳಿಯುತ್ತದೆ, ಆದರೆ ಒಂದಷ್ಟು ಕಸವೂ ಜೊತೆಯಲ್ಲಿ ಒಳಬರುತ್ತದೆ. ಈ ಎರಡು ತಪ್ಪುಗಳು ಸಮಾನವಲ್ಲವೆಂಬುದನ್ನು ಗಮನಿಸಬೇಕು. ಒಳಬಂದ ಕಸವನ್ನು ಅಳಿಸಲು ಅರೆಕ್ಷಣ ಸಾಕು. ತಪ್ಪಾಗಿ ತಳ್ಳಲ್ಪಟ್ಟ ಪತ್ರದ ವಿಷಯ ಹಾಗಲ್ಲ; ಅದು ಬಂದಿತ್ತೆಂಬುದೇ ಪಡೆಯಬೇಕಾದವರಿಗೆ ತಿಳಿಯುವುದಿಲ್ಲ, ಬರೆದವನು ಉತ್ತರಕ್ಕಾಗಿ ಸುಮ್ಮನೆ ಕಾಯುತ್ತಾನೆ. ಆದುದರಿಂದ ಮೇರೆಯನ್ನು ಎತ್ತರದಲ್ಲಿಡುವುದೂ, ಸಂಶಯಾಸ್ಪದವಾದ ಪತ್ರಗಳನ್ನು ಒಡನೆಯೇ ನಾಶಮಾಡದೆ ಪ್ರತ್ಯೇಕವಾಗಿ ಕೂಡಿಡುವುದೂ ರೂಢಿಗೆ ಬಂದಿವೆ.

ಎದುರಾಳಿಗಳೂ ಸುಮ್ಮನೆ ಕುಳಿತವರಲ್ಲ. ಪದಗಳ ಕಾಗುಣಿತವನ್ನು ಬೇಕೆಂದೇ ಕೆಡಿಸಿದರು. ಮಾತನ್ನು ಚಿತ್ರದೊಳಗೆ ಅಡಗಿಸಿದರು. ಸಂಶಯವನ್ನು ತಗ್ಗಿಸಲು ಸಭ್ಯವಾದ ವಾಕ್ಯಗಳನ್ನು ಬೆರೆಸಿದರು. ಈಗ ಯಂತ್ರಗಳೇ ಮನುಷ್ಯರಂತೆ ನಿರರ್ಗಳವಾಗಿ ಬರೆಯಬಲ್ಲುವಾದ್ದರಿಂದ ಪದಗಳನ್ನು ಎಣಿಸಿದರಷ್ಟೇ ಸಾಲದು. ಪತ್ರ ಯಾವ ವಿಳಾಸದಿಂದ ಬಂದಿತು, ಅದೇ ಮೂಲದಿಂದ ಗಳಿಗೆಯೊಂದರಲ್ಲಿ ಎಷ್ಟು ಬಂದವು, ಅದರೊಳಗಿನ ಕೊಂಡಿಗಳು ಎಲ್ಲಿಗೆ ಒಯ್ಯುತ್ತವೆ ಎಂಬವೂ ಇಂದು ಸಾಕ್ಷ್ಯಗಳಾಗಿವೆ. ಸಾಕ್ಷಿಗಳು ಬದಲಾದರೂ ತೂಗುವ ತತ್ತ್ವ ಬದಲಾಗಿಲ್ಲ.

ಇಂತಹ ಶೋಧಕವು ಪತ್ರದ ಅರ್ಥವನ್ನು ತಿಳಿದು ತೀರ್ಪು ಕೊಡುವುದಿಲ್ಲ. ಹಿಂದೆ ನಾವು ವಿಂಗಡಿಸಿದುದನ್ನು ನೋಡಿ ಮುಂದಿನದನ್ನು ಊಹಿಸುತ್ತದೆ. ಅದು ಬುಟ್ಟಿಗೆ ಹಾಕಿದ ಪತ್ರಗಳ ಮೇಲೆ ನಾವು ಆಗಾಗ ಕಣ್ಣಾಡಿಸಿ, ಯೋಗ್ಯವಾದುದನ್ನು ಹೊರತೆಗೆದರೆ ಅದಕ್ಕೊಂದು ಹೊಸ ಪಾಠವಾಗುತ್ತದೆ. ಅಷ್ಟೇ ಅಲ್ಲ, ಅಲ್ಲಿ ನಮಗಾಗಿ ಕಾದು ಕುಳಿತ ಒಬ್ಬನಿಗೆ ಉತ್ತರವೂ ದೊರೆಯುತ್ತದೆ.