ಬೆಳಕು ನಿಂತ ಜಾಗ

ದೀಪಾವಳಿ ಅಮಾವಾಸ್ಯೆ. ಪೂಜೆ ಮುಗಿದಿದೆ, ಹಣತೆಗಳು ಎಣ್ಣೆ ತೀರಿ ಒಂದೊಂದಾಗಿ ಕಣ್ಣು ಮುಚ್ಚಿವೆ. ಮನೆಯ ಹೊರಗಿನ ಲೈಟುಗಳನ್ನೂ ಆರಿಸಿಬಿಟ್ಟೆ. ಅಂಗಳದಾಚೆ ಅಡಿಕೆ ತೋಟ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಗೊತ್ತಾಗದಷ್ಟು ಕತ್ತಲು. ಬೆಳಕಿನಲ್ಲಿ ಬರೆಯಲು ಇಂಥದೇ ಸ್ಲೇಟು ಬೇಕು.

ಜಗಲಿಯ ಅಂಚಿನಲ್ಲಿ ಟ್ರೈಪಾಡ್ ಊರಿದೆ. ತುಳಸಿಕಟ್ಟೆಗೆ ಟಾರ್ಚ್ ಬಿಟ್ಟು ಫೋಕಸ್ ಹಿಡಿದು ಮ್ಯಾನ್ಯುಯಲ್‌ಗೆ ತಿರುಗಿಸಿದೆ. ಇಲ್ಲದಿದ್ದರೆ ಲೆನ್ಸ್ ಕತ್ತಲಲ್ಲಿ ಹಿಂದೆ ಮುಂದೆ ತಡಕಾಡುತ್ತದೆ. ಐಎಸ್‌ಒ 100, ಅಪರ್ಚರ್ ಎಫ್ 8, ಷಟರ್ 30 ಸೆಕೆಂಡ್. ಬೆರಳು ಒತ್ತಿದಾಗ ಕ್ಯಾಮೆರಾ ಅಲುಗದಿರಲೆಂದು 2 ಸೆಕೆಂಡಿನ ಟೈಮರ್. ಬೆಳಕಿಗೆ ದುಬಾರಿ ಸಾಮಾನೇನೂ ಇಲ್ಲ. ಬಾಯಿಗೆ ಬಣ್ಣದ ಜಿಲೆಟಿನ್ ಕಾಗದ ಕಟ್ಟಿದ ಟಾರ್ಚು, ಒಂದು ಡಬ್ಬಿ ಸುರ್‌ಸುರ್‌ಬತ್ತಿ, ಅಷ್ಟೇ.

"ಶುರು ಮಾಡ್ಲಾ ಮಾವಾ?" ಅಕ್ಕನ ಮಗಳ ದನಿ ಮಾತ್ರ ಕೇಳಿತು. ಸುರ್‌ಸುರ್‌ಬತ್ತಿ ಹೊತ್ತಿತು, ಕೈ ಗಾಳಿಯಲ್ಲಿ ಸುತ್ತಿತು. ಕಣ್ಣಿಗೆ ಕಂಡದ್ದು ಓಡುವ ಕಿಡಿ, ಅದರ ಹಿಂದೊಂದು ಗೇಣುದ್ದದ ಬಾಲ. ಷಟರ್ ಮುಚ್ಚಿದ ಮೇಲೆ ನೋಡಿದರೆ ಪರದೆಯಲ್ಲಿ ಇಡೀ ಅಕ್ಷರ!

"ಅಯ್ಯೋ, 'ಅ' ಉಲ್ಟಾ ಬಂದಿದೆ."

ಕ್ಯಾಮೆರಾಕ್ಕೆ ಎದುರಾಗಿ ನಿಂತು ಬರೆದದ್ದು ಅದಕ್ಕೆ ಕಾಣುವುದೇ ಹಾಗೆ. ಚಿತ್ರವನ್ನು ಎಡಬಲ ತಿರುಗಿಸಿ ತೋರಿಸಿದೆ. ಎರಡನೆಯ ತಕರಾರು ಸಿದ್ಧವಿತ್ತು: "ನಾನು ದೆವ್ವದ ಥರ ಇದೀನಿ!"

ಕತ್ತಲಲ್ಲಿ ಅಲುಗುವವರು ಗಟ್ಟಿಯಾಗಿ ಮೂಡುವುದಿಲ್ಲ. ಅದಕ್ಕೆ ಮದ್ದು ಫ್ಲ್ಯಾಶ್. 1949ರಲ್ಲಿ ಫ್ರಾನ್ಸಿನ ವಲೋರಿಸ್‌ನಲ್ಲಿ ಪಿಕಾಸೊ ಪುಟ್ಟ ಬಲ್ಬು ಹಿಡಿದು ಗಾಳಿಯಲ್ಲಿ ಅರೆಮನುಷ್ಯ ಅರೆಕುದುರೆಯನ್ನು ಬರೆದಾಗ, ಛಾಯಾಗ್ರಾಹಕ ಜಾನ್ ಮಿಲಿ ಷಟರ್ ತೆರೆದೇ ಇಟ್ಟು, ನಡುವೆ ಫ್ಲ್ಯಾಶ್ ಹೊಡೆದು ಬರೆದವನನ್ನೂ ಹಿಡಿದ. ನಮ್ಮ ಅಂಗಳದ ಪಿಕಾಸೊ ಕೂಡ ಫ್ಲ್ಯಾಶ್ ಬಿದ್ದ ಮೇಲೆ ಹಲ್ಲು ಕಿರಿದುಕೊಂಡೇ ಮೂಡಿದಳು.

ಮೂರನೆಯ ಸಲ ಷಟರ್ ತೆರೆದಿದ್ದಾಗ ಕೊಟ್ಟಿಗೆಯ ಬಾಗಿಲು ಕಿರುಗುಟ್ಟಿತು. ಹಸುಗಳಿಗೆ ಹುಲ್ಲು ಹಾಕಿ ಬಂದ ಅಮ್ಮ, ಲಾಟೀನು ಹಿಡಿದು ಕ್ಯಾಮೆರಾದ ಎದುರೇ ಅಂಗಳ ದಾಟಿದಳು. ಚಿತ್ರ ಕೆಟ್ಟಿತು ಅಂದುಕೊಂಡೆ.

ಚಿತ್ರದಲ್ಲಿ ಅಮ್ಮ ಇರಲಿಲ್ಲ. ಅಲ್ಲಲ್ಲಿ ಸೀರೆಯ ಅಂಚು ಹೊಗೆಯಂತೆ ಸುಳಿದಿತ್ತು. ಕೊಟ್ಟಿಗೆಯಿಂದ ಜಗಲಿಯವರೆಗೆ, ಮೊಣಕಾಲೆತ್ತರದಲ್ಲಿ, ಒಂದು ಹಳದಿ ಗೆರೆ. ಹೆಜ್ಜೆ ಬಿಟ್ಟು ಹೆಜ್ಜೆಗೆ ಅದು ಕುಸಿದು ಕುಸಿದು ಏಳುತ್ತಿತ್ತು.

1889ರಲ್ಲಿ ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ ಮತ್ತು ಜಾರ್ಜ್ ದೆಮೆನಿ ಮನುಷ್ಯನ ಕೀಲುಗಳಿಗೆ ಬಲ್ಬು ಕಟ್ಟಿ ನಡೆಸಿ, ಊನವಾದ ನಡಿಗೆಯೊಂದನ್ನು ಗೆರೆಗಳಲ್ಲಿ ಹಿಡಿದಿದ್ದರು. ಬೆಳಕಿನ ಬರವಣಿಗೆಯ ತೀರ ಹಳೆಯ ಚಿತ್ರಗಳಲ್ಲಿ ಅದೂ ಒಂದು. ಅವರಿಗೆ ಬೇಕಿದ್ದದ್ದು ಹೆಜ್ಜೆ ಎಲ್ಲಿ ತಪ್ಪುತ್ತದೆ ಎಂಬ ಲೆಕ್ಕ. ಅಮ್ಮನ ಮಂಡಿನೋವಿನ ಮಾತೋ, ಕೇಳಿ ಕೇಳಿ ನನ್ನ ಕಿವಿಗೆ ಹಳತಾಗಿತ್ತು.

"ಇದ್ರಲ್ಲಿ ನಾನೆಲ್ಲಿದೀನೋ?" ಅಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿದಳು.

ಮೊಮ್ಮಗಳು ಗೆರೆಯುದ್ದಕ್ಕೂ ಬೆರಳೋಡಿಸಿದಳು. ಬೆಳಕು ನಿಂತಲ್ಲಿ ಗೆರೆ ದಪ್ಪವಾಗುತ್ತದೆ. ತುಳಸಿಕಟ್ಟೆಯ ಪಕ್ಕ ಅದು ಗಂಟು ಕಟ್ಟಿತ್ತು. ಬೆರಳು ಅಲ್ಲೇ ನಿಂತಿತು.

"ಇಲ್ಲಿ ಅಜ್ಜಿ. ಕಾಲು ನೋವು ಅಂತ ಕಟ್ಟೆ ಹಿಡ್ಕೊಂಡು ನಿಂತ್ಕೊಂಡ್ಯಲ್ಲ, ಇಲ್ಲಿ."