ಕ್ಯೂ ಉದ್ಯಾನದಲ್ಲಿ ಅಪ್ಪಯ್ಯ

ಲಂಡನ್ನಿಗೆ ಬಂದ ಬಂಧುಗಳನ್ನು ನಾವೆಲ್ಲ ಮೊದಲು ಕರೆದೊಯ್ಯುವುದು ಬಿಗ್ ಬೆನ್ನಿಗೆ, ಟವರ್ ಬ್ರಿಜ್ಜಿಗೆ. ಅಪ್ಪಯ್ಯ ಅವೆರಡನ್ನೂ ಅರ್ಧ ದಿನದಲ್ಲಿ ನೋಡಿ ಮುಗಿಸಿ, "ಇಲ್ಲಿ ತೋಟ ಗೀಟ ಇಲ್ಲವೇನೋ?" ಎಂದರು. ಸಾಗರದ ಕಡೆಯ ಅಡಿಕೆ ಬೆಳೆಗಾರರು ಅವರು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬರೇ. ಸಂದರ್ಶಕ ವೀಸಾದಲ್ಲಿ ಒಮ್ಮೆಗೆ ಆರು ತಿಂಗಳು ಮಾತ್ರ ಇಲ್ಲಿರಬಹುದು. ವೃದ್ಧ ತಂದೆತಾಯಿಯರನ್ನು ಶಾಶ್ವತವಾಗಿ ಕರೆಸಿಕೊಳ್ಳುವ ನಿಯಮಗಳಂತೂ 2012ರಿಂದ ತೀರ ಬಿಗಿ. ತೋಟವನ್ನು ಯಾರಿಗಾದರೂ ವಹಿಸಿ ಪ್ರತಿವರ್ಷ ಕೆಲವು ತಿಂಗಳಾದರೂ ಬಂದಿರಲಿ ಎಂಬುದು ನಮ್ಮಿಬ್ಬರ ಆಸೆ. ಹೇಳಲು ಬಾಯಿ ಬಂದಿರಲಿಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಮಗಳನ್ನೂ ಕರೆದುಕೊಂಡು ಡಿಸ್ಟ್ರಿಕ್ಟ್ ಲೈನ್ ರೈಲಿನಲ್ಲಿ ಕ್ಯೂ ಗಾರ್ಡನ್ಸಿಗೆ ಹೊರಟೆವು. ನಿಲ್ದಾಣದಿಂದ ಉದ್ಯಾನದ ಬಾಗಿಲಿಗೆ ಕೆಲವೇ ನಿಮಿಷಗಳ ನಡಿಗೆ. ಟಿಕೆಟ್ಟಿನ ಬೆಲೆಯನ್ನು ಹಿರಿಯರಿಗೆ ರೂಪಾಯಿಯಲ್ಲಿ ಹೇಳದಿರುವುದೇ ಲೇಸು.

ಈ ಸಸ್ಯೋದ್ಯಾನದ ಆರಂಭ 1759ರಲ್ಲಿ. ಮರುವರ್ಷವೇ ಬೆಂಗಳೂರಿನಲ್ಲಿ ಹೈದರಾಲಿ ಲಾಲ್‌ಬಾಗಿಗೆ ಅಡಿಗಲ್ಲು ಹಾಕಿದನೆಂಬುದನ್ನು ನೆನೆದರೆ ಎರಡೂ ಓರಗೆಯವು. ಲಾಲ್‌ಬಾಗನ್ನು ಬೆಳೆಸಿದ ಜಾನ್ ಕ್ಯಾಮರಾನ್, ಜರ್ಮನಿಯ ಕ್ರುಂಬಿಗಲ್ ಇಬ್ಬರೂ ಕ್ಯೂನಲ್ಲಿ ಪಳಗಿದವರು. ಇದನ್ನು ಹೇಳಿದಾಗ ಅಪ್ಪಯ್ಯನ ನಡಿಗೆಯಲ್ಲಿ ತುಸು ನೆಂಟಸ್ತಿಕೆ ಬಂತು.

1848ರಲ್ಲಿ ಪೂರ್ಣಗೊಂಡ ಪಾಮ್ ಹೌಸ್ ಎಂಬ ಬೃಹತ್ ಗಾಜಿನ ಮನೆಯೊಳಗೆ ಕಾಲಿಟ್ಟೊಡನೆ ನಮ್ಮ ಕನ್ನಡಕಗಳೆಲ್ಲ ಮಂಜಾದವು. ಹೊರಗೆ ಇಂಗ್ಲೆಂಡು, ಒಳಗೆ ಆಷಾಢದ ಮಲೆನಾಡು. ಬಂದ ದಿನದಿಂದ ಬಿಚ್ಚದಿದ್ದ ಸ್ವೆಟರನ್ನು ಅಪ್ಪಯ್ಯ ಅಲ್ಲಿ ಬಿಚ್ಚಿ ತೋಳಿಗೆ ಹಾಕಿಕೊಂಡರು. ಬಾಳೆ, ಕೋಕೋ, ರಬ್ಬರ್ ಎಂದು ಮೊಮ್ಮಗಳಿಗೆ ಒಂದೊಂದನ್ನೂ ಪರಿಚಯಿಸತೊಡಗಿದರು. ಫಲಕ ಓದಿ ಹೇಳಬೇಕಿದ್ದ ನನಗೆ ಕೆಲಸವೇ ಉಳಿಯಲಿಲ್ಲ. ಈ ರಬ್ಬರಿನದೊಂದು ದೊಡ್ಡ ಕಥೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್‌ನಿಂದ ತಂದ ಸುಮಾರು 70,000 ಬೀಜಗಳನ್ನು ಕ್ಯೂನಲ್ಲಿ ಬಿತ್ತಿದರು. ಮೊಳೆತ ಸಸಿಗಳು ಸಿಂಹಳಕ್ಕೂ ಸಿಂಗಪುರಕ್ಕೂ ಹೋಗಿ ಏಷ್ಯಾದ ತೋಟಗಳಾದವು. ಬ್ರೆಜಿಲ್ಲಿನ ರಬ್ಬರ್ ವ್ಯಾಪಾರ ಅದರಿಂದ ಕುಸಿಯಿತು. "ಬೀಜ ಕೊಟ್ಟವನ ಮನೆ ಹಾಳಾಯ್ತಲ್ಲ" ಎಂದಷ್ಟೇ ಅಂದರು.

ಅಪ್ಪಯ್ಯ ಬಹಳ ಹೊತ್ತು ನಿಂತದ್ದು ಕುಂಡದಲ್ಲಿರುವ ಒಂದು ಸೈಕಾಡ್ ಗಿಡದ ಮುಂದೆ. ಫ್ರಾನ್ಸಿಸ್ ಮೇಸನ್ ಎಂಬ ಸಸ್ಯಾನ್ವೇಷಕ ದಕ್ಷಿಣ ಆಫ್ರಿಕಾದಿಂದ ತಂದು 1775ರಲ್ಲಿ ಕ್ಯೂಗೆ ತಲುಪಿಸಿದ ಗಿಡ ಅದು. ಜಗತ್ತಿನ ಅತಿ ಹಳೆಯ ಕುಂಡದ ಗಿಡಗಳಲ್ಲಿ ಒಂದೆಂದು ಅದಕ್ಕೆ ಹೆಸರು. ಕಾಂಡ ಬಾಗಿದೆ, ಊರೆಗೋಲು ಕೊಟ್ಟಿದ್ದಾರೆ.

"ಕಾಯಿ ಬಿಡ್ತದೋ?"

ಒಮ್ಮೆ ಮಾತ್ರ, 1819ರಲ್ಲಿ, ಇದು ಶಂಕು ಬಿಟ್ಟಿತ್ತೆಂದೂ ಅದನ್ನು ನೋಡಲು ಜೋಸೆಫ್ ಬ್ಯಾಂಕ್ಸ್ ಬಂದಿದ್ದರೆಂದೂ ಹೇಳಿದೆ. ಅಪ್ಪಯ್ಯ ಕುಂಡದ ಅಂಚನ್ನು ದಿಟ್ಟಿಸಿ, "ಚೆನ್ನಾಗಿ ನೋಡ್ಕೊಂಡಿದಾರೆ" ಎಂದರು. ತೋಟದ ಮಾತನ್ನು ಎತ್ತಬೇಕೆಂದಿದ್ದವನು ನಾನು ಸುಮ್ಮನಾದೆ.

ಮಧ್ಯಾಹ್ನ ಹುಲ್ಲಿನ ಮೇಲೆ ಕುಳಿತು ಮನೆಯಿಂದ ತಂದಿದ್ದ ಚಪಾತಿ, ಪಲ್ಯ ತಿಂದು ಟರ್ನರ್ಸ್ ಓಕ್ ನೋಡಲು ಹೋದೆವು. 1987ರ ಅಕ್ಟೋಬರಿನ ಬಿರುಗಾಳಿಗೆ ಇಲ್ಲಿ 700ರಷ್ಟು ಮರಗಳು ಉರುಳಿದವು. ಮೊದಲೇ ಸೊರಗಿದ್ದ ಈ ಓಕನ್ನು ಗಾಳಿ ಬೇರುಸಹಿತ ಮೇಲೆತ್ತಿ ಮತ್ತೆ ಅದೇ ಗುಂಡಿಯಲ್ಲಿ ಇಳಿಸಿತ್ತು. ಕೆಲವು ವರ್ಷಗಳಲ್ಲಿ ಅದು ಚಿಗಿತುಕೊಂಡಾಗ ತಜ್ಞರಿಗೆ ಅಚ್ಚರಿ: ಜನರ ತುಳಿತದಿಂದ ಗಟ್ಟಿಯಾಗಿದ್ದ ಬುಡದ ಮಣ್ಣನ್ನು ಗಾಳಿ ಸಡಿಲಿಸಿತ್ತು. ಅಂದಿನಿಂದ ಕ್ಯೂನವರು ಮರಗಳ ಬುಡಕ್ಕೆ ಒತ್ತಡದ ಗಾಳಿ ಹಾಯಿಸಿ ಮಣ್ಣು ಬಿಡಿಸುತ್ತಾರೆ. ಅಪ್ಪಯ್ಯ ಜೋರಾಗಿ ನಕ್ಕರು. "ಬುಡ ಬಿಡಿಸೋದಕ್ಕೆ ಇವರಿಗೆ ಬಿರುಗಾಳಿ ಬರಬೇಕಾಯ್ತಾ?"

ಹಿಂದಿರುಗುವಾಗ ರೈಲಿನಲ್ಲಿ ಮಗಳು ಅವರ ತೋಳಿಗೊರಗಿ ನಿದ್ದೆಹೋದಳು. ಅವಳ ತಲೆ ಅಲುಗದಂತೆ ಅಪ್ಪಯ್ಯ ಮೆಲ್ಲನೆ ನನ್ನ ಕಡೆ ಬಾಗಿ, ಟಿಕೆಟ್ ಯಾವ ತಾರೀಖಿಗೆ ಎಂದು ಕೇಳಿದರು. ನವೆಂಬರ್ ಕೊನೆಗೆ ಎಂದೆ.

"ಕೊನೆ ಕೊಯ್ಲಿಗೆ ಆಳು ಈಗಲೇ ಹೇಳಿಡಬೇಕು. ಒಂದು ತಿಂಗಳು ಹಿಂದಕ್ಕೆ ಮಾಡಿಸೋಕಾಗ್ತದೇನೋ, ನೋಡು."

ಮೊಬೈಲ್ ತೆಗೆದು ನೋಡತೊಡಗಿದೆ.