ಬಯಲಲ್ಲಿ ನಿಂತವರು

ಗದಗ ನಗರದ ಭೀಷ್ಮ ಕೆರೆಯ ಬಳಿಗೆ ಹೋದವರ ಕಣ್ಣಿಗೆ ಮೊದಲು ಬೀಳುವದು ನೂರಡಿಗೂ ಮೀರಿದ ಬಸವೇಶ್ವರರ ಪ್ರತಿಮೆ. ಪರಸ್ಥಳಗಳಿಂದ ಬಂದ ಗೃಹಸ್ಥರು ಮಕ್ಕಳನ್ನು ಹೆಗಲ ಮೇಲೆ ಕೂಡ್ರಿಸಿಕೊಂಡು ಅದನ್ನು ತೋರಿಸುವರು. ಈ ಮೂರ್ತಿಯು ಯಾರದೆಂದು ಅಲ್ಲಿ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಮಹಾಪುರುಷರ ಮೂರ್ತಿಗಳ ಭಾಗ್ಯವೇ ಅಂಥದು. ಅವರ ಹೆಸರು ಜನರ ಬಾಯಲ್ಲಿ ಮೊದಲೇ ಇರುವದು, ಮೂರ್ತಿಯು ಬಳಿಕ ಬರುವದು.

ಆದರೆ ಗದಗಿನ ಜೋಡಿಯೂರಾದ ಬೆಟಗೇರಿಯಲ್ಲಿ, ನೇಕಾರರ ಮಗ್ಗಗಳ ಸದ್ದಿಗೆ ಹೆಸರಾದ ಆ ಊರಿನಲ್ಲಿ, ಇನ್ನು ಕೆಲವರು ನಿಂತಿರುವರು. ಒಂಬತ್ತು ಹತ್ತನೆಯ ಶತಮಾನಗಳಿಂದ, ಎಂದರೆ ಸಾವಿರ ವರ್ಷಗಳಿಗೂ ಹಿಂದಿನಿಂದ, ಬಿಸಿಲು ಮಳೆಗಳಿಗೆ ಎದೆಯೊಡ್ಡಿ ನಿಂತವರು ಅವರು. ಬೆಟಗೇರಿಯ ವೀರಗಲ್ಲುಗಳೆಂದು ಇತಿಹಾಸಜ್ಞರು ಅವುಗಳನ್ನು ಬಲ್ಲರು. ಒಂದು ಮುಂಜಾನೆ ನಾವು ಅವುಗಳ ಮುಂದೆ ನಿಂತಿದ್ದಾಗ, ನಮ್ಮೊಡನೆ ಬಂದಿದ್ದ ಹುಡುಗನೊಬ್ಬನು ನಮ್ಮ ಧೋತರದ ಸೆರಗನ್ನು ಜಗ್ಗಿ, “ಕಾಕಾ, ಇಂವ ಯಾರು? ಇಂವಗ ಯಾಕ ಯಾರೂ ಹಾರ ಹಾಕೂದಿಲ್ಲ?” ಎಂದು ಕೇಳಿದನು. ನಮಗೆ ಒಡನೆ ಉತ್ತರ ಹೇಳಲಾಗಲಿಲ್ಲ. ಆ ಉತ್ತರವನ್ನು ಹುಡುಕುವದಕ್ಕಾಗಿಯೇ ಈ ಲೇಖನ.

ವೀರಗಲ್ಲನ್ನು ಓದುವ ಕ್ರಮವು ಪುಸ್ತಕವನ್ನು ಓದುವ ಕ್ರಮಕ್ಕೆ ವಿರುದ್ಧವಾದದ್ದು; ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕಲ್ಲಿನಲ್ಲಿ ಮೂರು ಅಂಕಣಗಳಿರುವವು. ಕೆಳಗಿನ ಅಂಕಣದಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಕೆಲವೆಡೆ ಕುದುರೆ, ಕೆಲವೆಡೆ ಬೆದರಿ ಓಡುವ ಆಕಳ ಹಿಂಡು. ನಡುವಿನ ಅಂಕಣದಲ್ಲಿ ಮಡಿದ ವೀರನನ್ನು ಅಪ್ಸರೆಯರು ಎರಡೂ ಪಕ್ಕದಲ್ಲಿ ಹಿಡಿದು ಮೇಲಕ್ಕೆ ಕರೆದೊಯ್ಯುವರು. ಮೇಲಿನ ಅಂಕಣದಲ್ಲಿ ಅವನು ತನ್ನ ದೇವರ ಸನ್ನಿಧಿಯಲ್ಲಿ ಕುಳಿತಿರುವನು. ಅವನು ಶೈವನಾದರೆ ಅಲ್ಲಿ ಲಿಂಗವಿರುವದು, ಜೈನನಾದರೆ ಜಿನಬಿಂಬ. ಎಲ್ಲಕ್ಕೂ ಮೇಲೆ ಸೂರ್ಯಚಂದ್ರರು. ಅವರು ಇರುವವರೆಗೂ ಈ ಕೀರ್ತಿಯು ಇರಲೆಂಬುದೇ ಅದರ ತಾತ್ಪರ್ಯ. ಅಂಕಣಗಳ ನಡುವಿನ ಪಟ್ಟಿಗಳಲ್ಲಿ ಹಳಗನ್ನಡದ ಅಕ್ಷರಗಳಿದ್ದರೆ ಹೆಸರೂ ತಿಥಿಯೂ ದೊರೆಯುವವು. ಅಕ್ಷರವಿಲ್ಲದ ಕಲ್ಲುಗಳೂ ಅನೇಕ.

ಹಾಗಾದರೆ ಈ ವೀರರು ಯಾರು? ಅರಸರೇ? ಅಲ್ಲ. ಬಹುಮಟ್ಟಿಗೆ ಇವರು ಊರಿನ ಸಾಮಾನ್ಯ ಜನರು. ಕಳ್ಳರು ಊರ ದನಗಳನ್ನು ಅಟ್ಟಿಕೊಂಡು ಹೋದಾಗ ಬೆನ್ನಟ್ಟಿ ಕಾದಿ ಸತ್ತವರು. ಅಂಥ ಕಾಳಗಕ್ಕೆ ಶಾಸನಗಳಲ್ಲಿ ‘ತುರುಗೊಳ್’ ಎಂದು ಹೆಸರು. ಊರಿನ ಮೇಲೆ ದಾಳಿ ಬಂದಾಗ ಅಗಸೆಯ ಬಾಗಿಲಲ್ಲಿ ಬಿದ್ದವರು, ಅದು ‘ಊರಳಿವು’. ಹೆಂಗಸರ ಮಾನ ಕಾಯಲು ಹೋಗಿ ಮಡಿದವರು, ಅದು ‘ಪೆಣ್ಬುಯ್ಯಲ್’. ಪತಿಯ ಚಿತೆಯನ್ನೇರಿದ ಹೆಂಗಸಿನ ಕಲ್ಲಿಗೆ ಮಾಸ್ತಿಕಲ್ಲು ಎನ್ನುವರು. ಅದರಲ್ಲಿ ಬಳೆ ತೊಟ್ಟು ಮೇಲಕ್ಕೆತ್ತಿದ ತೋಳೊಂದು ಎದ್ದು ಕಾಣುವದು. ಆ ಪದ್ಧತಿಯನ್ನು ನಾವು ಇಂದು ಮೆಚ್ಚಲಾರೆವು. ಆದರೆ ಆ ತೋಳನ್ನು ಕಂಡು ಮನಸ್ಸು ಕರಗದವರೂ ಇರಲಾರರು.

ಇಲ್ಲಿ ನಮ್ಮ ಸೋದರಿಯರು ಗಮನಿಸತಕ್ಕ ಸಂಗತಿಯೊಂದುಂಟು. ಆ ಕಾಲದವರು ಸತ್ತವನಿಗೆ ಕಲ್ಲು ನಿಲ್ಲಿಸಿ ಕೈತೊಳೆದುಕೊಳ್ಳಲಿಲ್ಲ. ಎಷ್ಟೋ ಕಡೆಗೆ ಅವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಟ್ಟರು. ಅದಕ್ಕೆ ‘ನೆತ್ತರುಗೊಡಗೆ’ ಎಂದು ಕರೆದರು. ನೆತ್ತರು ಹರಿಸಿದವನ ಹೆಂಡಿರು ಮಕ್ಕಳು ಹಸಿದಿರಬಾರದೆಂಬ ವಿವೇಕವು ಆ ಶಬ್ದದಲ್ಲಿದೆ. ವೀರಗಲ್ಲು ಊರವರು ಹೊತ್ತುಕೊಂಡ ಋಣದ ಪತ್ರವೂ ಆಗಿತ್ತು.

ಮನುಷ್ಯರಿಗೆ ಮಾತ್ರವೇ ಈ ಗೌರವವು ಸಂದಿತೆಂದಲ್ಲ. ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಯ ನೆನಪಿಗೆ ಹತ್ತನೆಯ ಶತಮಾನದಲ್ಲಿ ಕಲ್ಲು ನಿಂತಿತು. ಅದನ್ನು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಇಂಗ್ಲೆಂಡಿನ ಹಳ್ಳಿಹಳ್ಳಿಗಳಲ್ಲಿ 1914–18ರ ಮಹಾಯುದ್ಧದ ತರುವಾಯ ಶಿಲಾಸ್ತಂಭಗಳನ್ನು ನಿಲ್ಲಿಸಿ, ಆ ಊರಿನಿಂದ ಹೋಗಿ ಮಡಿದ ಒಕ್ಕಲಿಗರ, ಕಮ್ಮಾರರ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಕೆತ್ತಿಸಿದರು. ಅಲ್ಲಿಗೆ ಹೋಗಿ ಬಂದವರು ಅದನ್ನು ಹೊಗಳುವರು, ಅದು ಹೊಗಳತಕ್ಕದ್ದೇ. ಆದರೆ ಸಾಮಾನ್ಯನ ಹೆಸರನ್ನು ಬಯಲಲ್ಲಿ ಕಲ್ಲಿನ ಮೇಲೆ ಬರೆಯುವ ಈ ಬುದ್ಧಿಯು ಬೆಟಗೇರಿಯಲ್ಲಿ ಅದಕ್ಕಿಂತ ಸಾವಿರ ವರ್ಷ ಮೊದಲೇ ಇದ್ದಿತೆಂಬುದನ್ನು ನಾವು ಮರೆಯಬಾರದು.

ಬೆಟಗೇರಿಯನ್ನು ಬಿಟ್ಟು ಲಕ್ಷ್ಮೇಶ್ವರಕ್ಕೆ ಬಂದರೆ ಕಲ್ಲುಗಳು ಬೇರೊಂದು ಕಥೆಯನ್ನು ಹೇಳುವವು. ಇದೇ ಹಿಂದಿನ ಪುಲಿಗೆರೆ. 941ರಲ್ಲಿ ತನ್ನ ಭಾರತವನ್ನು ಮುಗಿಸಿದ ಪಂಪನು, ತನ್ನ ಕಾವ್ಯದ ನುಡಿಯು ಪುಲಿಗೆರೆಯ ಕನ್ನಡದ ತಿರುಳೆಂದು ಹೆಮ್ಮೆಯಿಂದ ಹೇಳಿಕೊಂಡನು. ಇಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಶಿವಪಾರ್ವತಿಯರು ನಂದಿಯನ್ನೇರಿ ಕುಳಿತ ಅಪೂರ್ವವಾದ ಮೂರ್ತಿಯಿದೆ. ಶಂಖ ಬಸದಿಯಲ್ಲಿ ಒಂದೇ ಶಿಲೆಯ ಮೇಲೆ ಸಾಲುಸಾಲಾಗಿ ಕೆತ್ತಿದ ಸಹಸ್ರಕೂಟ ಜಿನಬಿಂಬವಿದೆ. ಆದಿಲಶಾಹಿಯ ಕಾಲದ ಜುಮ್ಮಾ ಮಸೀದಿಯೂ ಇದೇ ಊರಿನಲ್ಲಿದೆ. ಈ ಊರಿನ ಶಾಸನಗಳನ್ನು ಫ್ಲೀಟ್ ಎಂಬ ಆಂಗ್ಲ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದಲ್ಲಿ ಓದಿ ಅಚ್ಚು ಹಾಕಿಸಿದರು. ಸಾಗರದಾಚೆಯಿಂದ ಬಂದವರೊಬ್ಬರು ನಮ್ಮ ಅಜ್ಜಂದಿರ ಮಾತನ್ನು ಕಲ್ಲಿನಿಂದ ಬಿಡಿಸಿ ನಮಗೇ ತಿಳಿಸಿಕೊಡಬೇಕಾಯಿತು! ಸೋಮೇಶ್ವರ ದೇವಾಲಯವು ಈಚಿನ ವರ್ಷಗಳಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರಗೊಂಡಿರುವದು ಸಂತೋಷದ ವಿಷಯ. ಮನಸ್ಸು ಮಾಡಿದರೆ ಕೆಲಸವು ಆಗುವದೆಂಬುದಕ್ಕೆ ಅದು ಸಾಕ್ಷಿ.

ಸಮೀಪದ ಶಿರಹಟ್ಟಿಯಲ್ಲಿ ನೆನಪಿನ ರೀತಿಯೇ ಬೇರೆ. ಅಲ್ಲಿ ಜನರ ಮನಸ್ಸನ್ನು ಸೆಳೆಯುವದು ಆಕಾಶಕ್ಕೇರಿದ ಪ್ರತಿಮೆಯಲ್ಲ, ಫಕೀರೇಶ್ವರರ ಗದ್ದುಗೆ. ಸ್ವಾಮಿ ಎಂದು ಹಿಂದುಗಳೂ ಫಕೀರ ಎಂದು ಮುಸಲ್ಮಾನರೂ ಒಂದೇ ಹೊಸ್ತಿಲಿಗೆ ಹಣೆ ಹಚ್ಚುವರು. ಮೂರ್ತಿಯಿಲ್ಲದೆಯೂ ಒಬ್ಬ ಸತ್ಪುರುಷನ ನೆನಪು ತಲೆಮಾರುಗಳವರೆಗೆ ಉಳಿಯಬಹುದೆಂಬುದನ್ನು ಈ ಮಠವು ತೋರಿಸುವದು. ಹೋಗುವವರು ಇರಬೇಕು, ಕಥೆ ಹೇಳುವವರು ಇರಬೇಕು, ಅಷ್ಟೇ. ಬೆಟಗೇರಿಯ ಕಲ್ಲುಗಳಿಗೆ ಕಡಿಮೆಯಾಗಿರುವದು ಇದೇ.

ಇನ್ನು ಗದಗಿನಿಂದ ಮುಂಡರಗಿಯತ್ತ ಸಾಗುವವರು ಡಂಬಳದಲ್ಲಿ ಇಳಿಯದೆ ಹೋಗಬಾರದು. ಅಲ್ಲಿಯ ದೊಡ್ಡಬಸಪ್ಪನ ಗುಡಿಗೆ ಹೆಸರು ಬಂದದ್ದು ಅದರ ದೊಡ್ಡ ನಂದಿಯಿಂದ. ಗುಡಿಯು ಲಿಂಗದ್ದು, ಆದರೆ ಜನರು ಒಲಿದದ್ದು ಬಸವಣ್ಣನಿಗೆ. ಒಕ್ಕಲುತನದ ನಾಡಿನಲ್ಲಿ ಇದು ಸಹಜವೇ. ಗುಡಿಯ ವಿಮಾನವು ಇಪ್ಪತ್ತುನಾಲ್ಕು ಮೂಲೆಗಳ ನಕ್ಷತ್ರದಂತಿದೆ. ಒಂದು ಚೌಕವನ್ನು ಮಧ್ಯಬಿಂದುವಿನ ಸುತ್ತ ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ ಗೆರೆಯೆಳೆದರೆ ಈ ಆಕಾರವು ಬರುವದು. ಮಕ್ಕಳು ಪಾಟಿಯ ಮೇಲೆ ಮಾಡಿ ನೋಡಬಹುದು. ಕಲ್ಲು ಬಳಪದ ಜಾತಿಯದು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ತಾಗಿದಂತೆ ಗಟ್ಟಿಯಾಗುವದು. ಹನ್ನೆರಡನೆಯ ಶತಮಾನದ ಶಿಲ್ಪಿಗಳು ಅಕ್ಕಸಾಲಿಗರಂತೆ ಕೆತ್ತಲು ಸಾಧ್ಯವಾದದ್ದು ಈ ಗುಣದಿಂದಲೇ.

ಮುಂಡರಗಿಯೆಂದೊಡನೆ ನೆನಪಾಗುವವನು ಭೀಮರಾಯನು. 1858ರ ಮೇ ತಿಂಗಳಲ್ಲಿ ಇದೇ ಡಂಬಳದ ಸರಕಾರಿ ಖಜಾನೆಯ ಮೇಲೆ ಬಿದ್ದು, ಕೊಪ್ಪಳದ ಕೋಟೆಯನ್ನು ಹಿಡಿದು, ಹಮ್ಮಿಗಿಯ ಕೆಂಚನಗೌಡನೊಡನೆ ಜೂನ್ 1ರಂದು ಅಲ್ಲಿಯೇ ಕಾದಿ ಮಡಿದ ಧೀರನಿವನು. ರಾಷ್ಟ್ರಕೂಟರ ಕಾಲವಾಗಿದ್ದರೆ ಅವನಿಗೂ ಅವನ ಸಂಗಡಿಗರಿಗೂ ಒಂದೊಂದು ಕಲ್ಲು ನಿಲ್ಲುತ್ತಿದ್ದಿತು; ಕೆಳಗಿನ ಅಂಕಣದಲ್ಲಿ ಕೊಪ್ಪಳದ ಕೋಟೆ, ನಡುವೆ ಅಪ್ಸರೆಯರು, ಮೇಲೆ ಸೂರ್ಯಚಂದ್ರರು. ನಾಯಕನ ಹೆಸರು ನಮಗೆ ಉಳಿದಿದೆ. ಅವನ ಬೆನ್ನಿಗೆ ನಿಂತು ಬಿದ್ದ ಎಷ್ಟು ಜನರ ಹೆಸರನ್ನು ನಮ್ಮ ಮನೆಗಳಲ್ಲಿ ಬಲ್ಲೆವು?

ಈಗ ಹುಡುಗನ ಪ್ರಶ್ನೆಗೆ ಮರಳೋಣ. ವೀರಗಲ್ಲಿಗೆ ಹಾರವಿಲ್ಲದಿದ್ದರೂ ಚಿಂತೆಯಿಲ್ಲ. ಅದನ್ನು ಓದುವವರಿಲ್ಲದಿರುವದೇ ಚಿಂತೆ. ನಮ್ಮ ನಾಡಿನಲ್ಲಿ ಸಾವಿರಾರು ವೀರಗಲ್ಲುಗಳಿವೆ. ಕೆಲವು ಹಳ್ಳಿಗಳಲ್ಲಿ ಅವು ಅರಿವೆ ಒಗೆಯುವ ಕಲ್ಲುಗಳಾಗಿವೆ. ಕೆಲವೆಡೆ ಗೋಡೆಯಲ್ಲಿ ಸೇರಿಹೋಗಿವೆ. ಕೆಲವೆಡೆ ಅರ್ಧ ಹೂತು, ಕಾಳಗದ ಅಂಕಣವೇ ಮಣ್ಣಿನೊಳಗಾಗಿ, ಮೇಲಿನ ಸೂರ್ಯಚಂದ್ರರು ಮಾತ್ರ ಕಾಣುವರು. ಭಕ್ತಿಯಿಂದ ಹಚ್ಚಿದ ಎಣ್ಣೆ ಕುಂಕುಮಗಳು ಅಕ್ಷರಗಳನ್ನು ತುಂಬಿಬಿಡುವವು. ಚಂದ ಮಾಡುವೆವೆಂದು ಬಳಿದ ಬಣ್ಣವು ಮುಖವನ್ನೇ ಮರೆಸುವದು. ದ್ವೇಷದಿಂದ ಒಡೆದವರಿಗಿಂತ ತಿಳಿಯದೆ ಕೆಡಿಸಿದವರೇ ಹೆಚ್ಚೆಂದು ನಮಗೆ ತೋರುವದು. ಹೆಸರು ಸವೆದುಹೋದ ಕಲ್ಲಿನಲ್ಲಿ ಆ ಮನುಷ್ಯನು ಎರಡನೆಯ ಸಲ ಸಾಯುವನು. ಈ ಸಲ ಅವನಿಗೆ ಕಲ್ಲು ನಿಲ್ಲಿಸುವವರಿಲ್ಲ.

ಇದಕ್ಕೆ ಗೃಹಸ್ಥರು ಮಾಡತಕ್ಕದ್ದೇನು? ಬಹಳವಿಲ್ಲ. ರವಿವಾರ ಒಂದು ಹೊತ್ತು ಮಕ್ಕಳನ್ನು ಕರೆದುಕೊಂಡು ಹೋಗಿ, ಮೇಲೆ ಹೇಳಿದಂತೆ ಕೆಳಗಿನಿಂದ ಮೇಲಕ್ಕೆ ಕಲ್ಲನ್ನು ಓದಿಸಬೇಕು. ಮುಂಜಾನೆ ಇಲ್ಲವೆ ಸಂಜೆಯ ಓರೆ ಬಿಸಿಲು ಇದಕ್ಕೆ ಉತ್ತಮ. ನಡುಹಗಲಿನಲ್ಲಿ ಕಾಣದ ಗೆರೆಗಳು ಆಗ ನೆರಳಿನಿಂದ ಎದ್ದು ಕಾಣುವವು. ಅಕ್ಷರಗಳಲ್ಲಿ ಸುಣ್ಣವನ್ನಾಗಲಿ ಸೀಮೆಸುಣ್ಣವನ್ನಾಗಲಿ ತುಂಬಬಾರದು, ತಂತಿಯ ಕುಂಚದಿಂದ ತಿಕ್ಕಬಾರದು. ತಿಳಿದವರು ಹಸಿ ಕಾಗದವನ್ನು ಕಲ್ಲಿಗೆ ಅಂಟಿಸಿ, ಕುಂಚದಿಂದ ಮೆಲ್ಲಗೆ ತಟ್ಟಿ, ಮೇಲೆ ಮಸಿಯನ್ನೊತ್ತಿ ಪ್ರತಿ ತೆಗೆಯುವರು. ಆ ಕೆಲಸವನ್ನು ಅವರಿಗೇ ಬಿಡಬೇಕು. ಹೊಲದಲ್ಲಾಗಲಿ ಮನೆಯ ಪಾಯದಲ್ಲಾಗಲಿ ಇಂಥ ಕಲ್ಲು ಸಿಕ್ಕರೆ ಸ್ಥಳದಿಂದ ಕದಲಿಸದೆ ಪುರಾತತ್ವ ಇಲಾಖೆಗೆ ತಿಳಿಸಬೇಕು. ಯಾವ ಊರಿನ ಅಗಸೆಗಾಗಿ ಅವನು ಸತ್ತನೆಂಬುದನ್ನು ಕಲ್ಲು ನಿಂತ ಸ್ಥಳವೇ ಹೇಳಬಹುದು.

ನಾವು ಆ ಹುಡುಗನಿಗೆ ಕೊನೆಗೆ ಹೇಳಿದ್ದು ಇಷ್ಟೇ: “ಇಂವ ಊರಿನ ಸಲುವಾಗಿ ಸತ್ತಂವ. ಇಲ್ಲಿ ನೋಡು, ಕೆಳಗ ಕಾದಾಡಾಕತ್ತಾನ.” ಅವನು ಕುಕ್ಕರಗಾಲಲ್ಲಿ ಕುಳಿತು, ಕತ್ತಿ ಹಿಡಿದ ಕೈಯನ್ನು ಬೆರಳಿನಿಂದ ಹುಡುಕತೊಡಗಿದನು. ಬಿಸಿಲೇರುವವರೆಗೆ ಅವನು ಮೇಲೇಳಲಿಲ್ಲ.